ಬೆನ್ನಿನ ಮಣ್ಣು

ನಾ ಹೊನ್ನೂರಪ್ಪ, ಸಿರುಗುಪ್ಪದವ. ಕುಸ್ತಿ ಕಲಿತದ್ದು ಕುರುಗೋಡಿನ ಗರಡಿಯಾಗ, ಕೆಂಚಣ್ಣ ಉಸ್ತಾದರ ಹತ್ರ. ಅವರದು ಒಂದೇ ಹಟ: ಬಿದ್ದವನಿಗೆ ಗೆದ್ದವನೇ ಕೈ ಕೊಟ್ಟು ಎಬ್ಬಿಸಬೇಕು, ಬೆನ್ನಿಗೆ ಹತ್ತಿದ ಮಣ್ಣು ಒರಸಬೇಕು. ಮರೆತರ ಕಪಾಳಕ್ಕ ಬೀಳತಿತ್ತು.

ಬಳ್ಳಾರಿಗೆ ಬಂದ ಮ್ಯಾಲೆ ಬಾಕ್ಸಿಂಗ್ ಹುಚ್ಚು ಹಿಡೀತು. ಮಿಲಿಟರಿ ಬಿಟ್ಟು ಬಂದಿದ್ದ ಗಾದಿಲಿಂಗಪ್ಪ ಮಾಸ್ತರು ಕಲಿಸಿದ್ರು. ನಲವತ್ತೆಂಟನೇ ಇಸವಿಯಾಗ ಬಳ್ಳಾರಿಯಾಗೇ ಮದ್ರಾಸ್ ಪ್ರಾಂತ್ಯದ ಫೈನಲ್. ಗೆದ್ದರ ಚಾಂಪಿಯನ್! ಅದಕ್ಕ ಮೂರು ವರ್ಷ ಬೆವರು ಸುರಿಸಿದ್ದೆ. ಎರಡನೇ ರೌಂಡಿನಾಗ ನನ್ನ ಬಲಗೈ ಮದ್ರಾಸಿನ ಹುಡುಗನ ದವಡಿಗೆ ಕೂತಿತು, ಧೊಪ್ಪಂತ ಬಿದ್ದ. ರೆಫರಿ ಎಣಿಸಾಕ ಹತ್ತಿದ. ಹತ್ತರೊಳಗ ಅವ ಏಳದಿದ್ರ ಕಪ್ ನಂದು. ನಾ ಸುಮ್ನ ಮೂಲಿಯಾಗ ನಿಂದ್ರಬೇಕಿತ್ತು. ನನ್ನ ಕಾಲು ಕೇಳಬೇಕಲ್ಲ! ಹೋಗಿ ಕೈ ಕೊಟ್ಟೆ, ಎತ್ತಿ ನಿಲ್ಲಿಸಿ ಬೆನ್ನು ಒರಸಿದೆ. ರೆಫರಿ ಆಟ ನಿಲ್ಲಿಸಿ, ನೀ ಸೋತಿ ಅಂತ ಹೊರಗ ಹಾಕಿದ.

"ಏನ್ ಮಾಡಿದಿ ಲೇ ಹುಚ್ಚಪ್ಯಾಲಿ!" ಮಾಸ್ತರು ಹಣಿ ಹಣಿ ಬಡಕೊಂಡ್ರು.

ಉಸ್ತಾದರಾದ್ರೂ ಶಾಬಾಸ್ ಅಂತಾರಂತ ಕುರುಗೋಡಿಗೆ ಹೋದೆ. ಅವರು ಕೆಂಡ ಆದ್ರು. "ಅಲ್ಲಿ ಗರಡಿ ಮಣ್ಣು ಐತೇನಲೇ? ಆ ಆಟಕ್ಕ ಆ ಆಟದ ರೀತಿ. ಇನ್ನೊಮ್ಮೆ ಮೂಲಿ ಬಿಟ್ಟು ಅಲ್ಲಾಡಿದ್ರ ನನಗ ಮುಖ ತೋರಸಬ್ಯಾಡ."

ಕಲಿಸಿದವರೇ ಹಂಗಂದ್ರ? ನನ್ನ ತಲಿ ಗಿರ್ ಅಂತು. ವರ್ಷಪೂರ್ತಿ ಅದೇ ಗೊಂದಲ. ಗುದ್ದೋದು ಬಿಟ್ಟು ಮೂಲಿಯಾಗ ನಿಂದ್ರೋದನ್ನೇ ಹೆಚ್ಚು ಕಲಿತೆ.

ನಲವತ್ತೊಂಬತ್ತರಾಗ ಮತ್ತ ಅದೇ ಫೈನಲ್, ಅದೇ ಹುಡುಗ. ಉಸ್ತಾದರು ಬಂದು ಮುಂದಿನ ಸಾಲಿನಾಗ ಕುಂತಿದ್ರು. ಮೂರನೇ ರೌಂಡಿನಾಗ ಹುಡುಗ ಬಿದ್ದ. ನಾ ಹೋಗಿ ಮೂಲಿಯಾಗ ಹಗ್ಗ ಗಟ್ಟಿ ಹಿಡಕೊಂಡು ನಿಂತೆ. ಐದು, ಆರು... ಜನ ಹೋ ಅಂತ ಒದರಿದ್ರು. ನೋಡತೀನಿ, ಉಸ್ತಾದರ ಒಂದು ಕಾಲು ಹಗ್ಗದ ಮ್ಯಾಲೈತಿ! ಇಬ್ಬರು ಪೊಲೀಸರು ಅವರ ಸೊಂಟ ಹಿಡಕೊಂಡು ಹಿಂದಕ್ಕ ಜಗ್ಗಾಕ ಹತ್ಯಾರ.

"ಹುಡುಗ ಬಿದ್ದಾನ, ಬಿಡ್ರೋ!" ಅಂತ ಒದರತಿದ್ರು ಮುದುಕರು.

ಎಂಟು. ಒಂಬತ್ತು. ಹತ್ತು.

ನನ್ನ ಕೈ ಮ್ಯಾಕೆತ್ತಿದ್ರು. ಚಾಂಪಿಯನ್! ಪೊಲೀಸರು ಬಿಟ್ಟದ್ದೇ ತಡ, ಉಸ್ತಾದರು ನನ್ನ ದಾಟಿ ಹೋಗಿ ಆ ಹುಡುಗನ್ನ ಎಬ್ಬಿಸಿ ಬೆನ್ನು ಒರಸಿದ್ರು. ಅಂಗೈ ನೋಡಿಕೊಂಡ್ರು. ಒಂದು ಚೂರೂ ಮಣ್ಣಿರಲಿಲ್ಲ. ಆದ್ರೂ ಮತ್ತ ಒರಸಿದ್ರು.

ಕಪ್ ತಗೊಂಡು ಅವರ ಕಾಲಿಗೆ ಬಿದ್ದೆ. "ನೀವು ಹೇಳಿದಂಗೇ ನಿಂತೆ, ಉಸ್ತಾದ."

"ಹ್ಞೂಂ, ನಿಂತಿ," ಅಂದ್ರು. ಕಣ್ಣಾಗ ನೀರು. "ನಾನೇ ಹೇಳಿದ್ದೆ. ಯಾಕ ಹೇಳಿದೆನೋ."

ಅದು ಖುಷಿ ನೀರೋ, ಸಂಕಟದ್ದೋ, ನನಗ ಇವತ್ತಿಗೂ ತಿಳಿದಿಲ್ಲ. ಯಾರಾದ್ರೂ ಬಂದು ಯಾವ ವರ್ಷ ಗೆದ್ದಿರಿ ಅಂತ ಕೇಳಿದ್ರ, ನಲವತ್ತೆಂಟು ಅಂತೀನಿ.

"ನಲವತ್ತೊಂಬತ್ರಿ," ಅಂತ ನನ್ನ ಹೆಂಡತಿ ಯಂಕಮ್ಮ ಒಳಗಿಂದ ತಿದ್ದತಾಳ.