ಮೊಳೆಗೆ ನೇತುಬಿದ್ದ ಕತ್ತರಿ

ಹ್ಯಾಲರನ್ ಮನೆತನದಲ್ಲಿ ಎಡಚರು ಹುಟ್ಟುವುದಿಲ್ಲ ಎಂಬುದು ಮುದುಕ ಮರ್ವಿನ್‌ನ ನಂಬಿಕೆ. ಮೊಮ್ಮಗಳು ಟೀಗನ್ ತೊಟ್ಟಿಲಿನಿಂದ ಎಡಗೈ ಚಾಚಿ ಅವನ ಮೀಸೆ ಹಿಡಿದೆಳೆದ ದಿನವೇ ಅವನು ತಪ್ಪನ್ನೆಲ್ಲ ಸೊಸೆಯ ತವರಿನ ಮೇಲೆ ಹಾಕಿ ನಿರಾಳನಾಗಿದ್ದ.

ಈಗ ಟೀಗನ್‌ಗೆ ಇಪ್ಪತ್ತು. ಶನಿವಾರ ಊರಿನಲ್ಲಿ ಉಣ್ಣೆ ಕತ್ತರಿಸುವ ಪಂದ್ಯ, ಮನೆಗೊಬ್ಬರು. ಇಷ್ಟು ವರ್ಷ ಹೋಗುತ್ತಿದ್ದ ಮರ್ವಿನ್‌ನ ಸೊಂಟ ಈಗ ಬಗ್ಗುತ್ತಿರಲಿಲ್ಲ.

"ಬಲಗೈಲಿ ಕತ್ತರಿಸೋದಾದ್ರೆ ಹೋಗು. ಇಲ್ದಿದ್ರೆ ಈ ಸಲ ನಮ್ಮನೆಯಿಂದ ಯಾರೂ ಇಲ್ಲ."

ಅಭ್ಯಾಸಕ್ಕೆಂದು ಅವಳು ಬಲಗೈಯಲ್ಲಿ ಕತ್ತರಿಸಿದಳು. ಕುರಿಯ ಮೈ ಇಲಿ ಕಡಿದ ಕಂಬಳಿಯಂತಾಯಿತು. ಎಡಗೈಗೆ ಬದಲಿಸಿದರೆ ಅಲಗುಗಳು ಬಾಯಿಬಿಟ್ಟುಕೊಂಡು ಉಣ್ಣೆ ನಡುವೆ ಮಡಚಿಕೊಂಡಿತು.

ಚಹಾ ತಂದ ಸೊಸೆ ಜೋಲೀನ್, "ಹತ್ತರಲ್ಲಿ ಒಬ್ರು ಹಿಂಗಿರ್ತಾರಂತೆ ಮಾವ. ಹುಟ್ಟಿನಿಂದ ಬಂದದ್ದು," ಎಂದಳು.

"ಆ ಒಬ್ಬೊಬ್ರೂ ನಿಮ್ಮ ತವರು ಪಾಸ್ಕೊ ಮನೇಲೇ ಸಾಲಾಗಿ ಹುಟ್ಟಿದಾರೆ ಬಿಡು."

"ನಮ್ಮಪ್ಪ, ಅಮ್ಮ, ಚಿಕ್ಕಪ್ಪಂದಿರು, ಎಲ್ಲಾ ಬಲಗೈನೋರೇ!"

ರೋಸಿಹೋದ ಟೀಗನ್ ಕೈಯಲ್ಲಿದ್ದುದನ್ನು ಬಿಸಾಡಿ, ಗೋಡೆಯ ಮೊಳೆಯಿಂದ ಹಳೆಯ ಕತ್ತರಿ ಇಳಿಸಿದಳು. ಅದು ಮರ್ವಿನ್‌ನ ಅಜ್ಜನದು. ಅರ್ಧ ಸೀಮೆಯ ಕುರಿಗಳಿಗೆ ಕ್ಷೌರ ಮಾಡಿದ್ದ ಆ ಮನುಷ್ಯ, ಮರ್ವಿನ್‌ನ ಅಪ್ಪ ಇನ್ನೂ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದ. ಆಮೇಲೆ ಆ ಕತ್ತರಿ ಯಾರ ಕೈಯಲ್ಲೂ ಒಂದೆಳೆ ಉಣ್ಣೆ ಕತ್ತರಿಸಿರಲಿಲ್ಲ. ಎಷ್ಟು ಸಾಣೆ ಹಿಡಿದರೂ ಅಷ್ಟೇ. ಅಜ್ಜ ಹೋಗುವಾಗ ಅದರ ಹರಿತವನ್ನೂ ಕೊಂಡುಹೋದ ಎಂದು ಮನೆಯವರು ಅದನ್ನು ಕ್ರಿಸ್‌ಮಸ್ಸಿಗೊಮ್ಮೆ ಒರೆಸಿ ಪೂಜ್ಯಭಾವದಿಂದ ನೇತುಹಾಕುತ್ತಿದ್ದರು.

"ಮುಟ್ಬೇಡ ಅದನ್ನ! ಅದು ಬೆಣ್ಣೇನೂ ಕತ್ತರಿಸಲ್ಲ..." ಎಂದು ಮರ್ವಿನ್ ಕೂಗಿದ.

ಕಚಕ್, ಕಚಕ್. ಟೀಗನ್‌ಳ ಎಡಗೈಯಲ್ಲಿ ಅದು ಓಡಿತು. ಕುರಿಯ ಹೊಟ್ಟೆಯಿಂದ ಉಣ್ಣೆ ಹಾಲಿನ ಕೆನೆಯಂತೆ ಜಾರಿತು. ಕುರಿಯೂ ಸುಮ್ಮನೆ ಬಿದ್ದುಕೊಂಡಿತ್ತು.

ಜೋಲೀನ್ ಕತ್ತರಿ ಇಸಿದುಕೊಂಡು ತಿರುಗಿಸಿ ನೋಡಿದಳು. "ಮಾವ, ಇದರ ಅಲಗು ಅದಲುಬದಲು. ಎಡಚರಿಗೇ ಮಾಡಿಸಿದ ಕತ್ತರಿ ಇದು. ಯಾವ ಪಾಸ್ಕೊ ತಂದು ನೇತುಹಾಕಿದ್ನೋ ಇಲ್ಲಿ?"

ಮರ್ವಿನ್ ಮೊಳೆಯನ್ನು ನೋಡಿದ, ಕುರಿಯನ್ನು ನೋಡಿದ, ಬಹಳ ಹೊತ್ತು ಚಹಾ ಊದಿದ.

"ನಾನು ಮೊದಲಿಂದ ಹೇಳ್ತಾನೇ ಇದೀನಿ," ಎಂದ ಕೊನೆಗೆ. "ಎಡಗೈ ಅನ್ನೋದು ಹ್ಯಾಲರನ್ ರಕ್ತದಲ್ಲೇ ಬರ್ಬೇಕು. ಸಿಕ್ಕಸಿಕ್ಕ ಮನೇಲಿ ಹುಟ್ಟೋದಲ್ಲ ಅದು. ಶನಿವಾರ ಇದನ್ನೇ ಹಿಡ್ಕೊಂಡು ಹೋಗು, ಮಗಾ."

ಟೀಗನ್ ನಗುತ್ತ ಮುಂದಿನ ಕುರಿಯನ್ನು ಎಳೆದುಕೊಂಡಳು. ಯಾರೂ ನೋಡುತ್ತಿಲ್ಲವೆಂದುಕೊಂಡು ಮರ್ವಿನ್ ಲೋಟವನ್ನು ಮೆಲ್ಲನೆ ಎಡಗೈಗೆ ಬದಲಿಸಿದ. ಚಹಾ ಅಂಗಿಯ ಮೇಲೆ ಸುರಿಯಿತು.

"ಬಲಗೈಲೇ ಕುಡೀರಿ ಮಾವ," ಎಂದಳು ಜೋಲೀನ್. "ಹತ್ತರಲ್ಲಿ ಉಳಿದ ಒಂಬತ್ತು ಜನಾನೂ ಬೇಕಲ್ಲ."