ಎರಡು ಗುಂಡಿ, ಒಂದು ಕ್ಲಿಪ್ಪು

ಆ ಮನೆಯಲ್ಲಿ ತಲೆಗೂದಲಿನ ಕ್ಲಿಪ್ಪುಗಳು ಕಾಲು ಬಂದಂತೆ ಮಾಯವಾಗುತ್ತಿದ್ದವು. "ತಲೆಗೆ ಹಾಕ್ಕೋತೀಯೋ, ಇಲ್ಲ ತಿಂತೀಯೋ?" ಎಂದು ತಾಯಿ ಮಗಳನ್ನು ಬೈಯುತ್ತಿದ್ದಳು. "ನಾನು ಮುಟ್ಟೇ ಇಲ್ಲಮ್ಮ" ಎಂದು ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು. ಗಂಡ ಮಾತ್ರ ಚಪ್ಪಲಿ ಮೆಟ್ಟಿ, ತಗಡಿನ ಮುಚ್ಚಳ ಮಾಡುವ ಕಾರ್ಖಾನೆಗೆ ಸದ್ದಿಲ್ಲದೆ ಹೊರಟುಬಿಡುತ್ತಿದ್ದ.

ಕ್ಲಿಪ್ಪು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ತಗಡು ಒತ್ತುವ ಪ್ರೆಸ್ಸು ಯಂತ್ರದ ಅಡಿಯಲ್ಲಿ ಗಂಡನ ಬಲಗೈಯ ಎರಡು ಬೆರಳು ಹೋಗಿದ್ದವು. ಜೊತೆ ಕೆಲಸದವನು ತಂದುಕೊಟ್ಟ ಅವನ ಊಟದ ಡಬ್ಬಿಯೊಳಗೆ ಹೆಂಡತಿಯದೇ ಕ್ಲಿಪ್ಪು ಇತ್ತು, ಬಗ್ಗಿಹೋಗಿ, ಎಣ್ಣೆ ಮೆತ್ತಿಕೊಂಡು.

"ಇದು ಇಲ್ಲಿಗೆ ಹೇಗೆ ಬಂತು?" ಎಂದು ಅವಳು ಕೇಳಿದಳು.

ಗಂಡ ಗೋಡೆಯ ಕಡೆ ತಿರುಗಿ ಹೇಳಿದ. ಆ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುತ್ತದೆ. ಆಗ ಕೈ ಅದರಡಿ ಇರಲು ಸಾಧ್ಯವೇ ಇಲ್ಲ. ಆದರೆ ಒಂದು ಗುಂಡಿಯ ಸಂದಿಗೆ ಕ್ಲಿಪ್ಪು ಸಿಕ್ಕಿಸಿದರೆ ಅದು ಒತ್ತಿದ ಹಾಗೆಯೇ ನಿಲ್ಲುತ್ತದೆ. ಒಂದು ಕೈ ಬಿಡುವಾಗುತ್ತದೆ, ಕೆಲಸ ಬೇಗ ಸಾಗುತ್ತದೆ. ಇವತ್ತು ಆ ಬಿಡುವಾದ ಕೈಯೇ ಪ್ರೆಸ್ಸಿನಡಿ ಸಿಕ್ಕಿತು; ಜೊತೆಯವನು ಕ್ಲಿಪ್ಪನ್ನು ಕಿತ್ತು ಡಬ್ಬಿಗೆ ಹಾಕಿದ.

ಅಷ್ಟರಲ್ಲಿ ಕಾರ್ಖಾನೆಯ ಮಾಲೀಕರು ಬಂದರು. ಕೆಟ್ಟ ಮನುಷ್ಯರಲ್ಲ. ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಬಂದವರೇ ಅವರು. ಅಂಗಿಯ ಮೇಲೆ ರಕ್ತದ ಕಲೆ ಇನ್ನೂ ಇತ್ತು. "ನೋಡಮ್ಮಾ, ಡಾಕ್ಟ್ರು ಕೇಳಿದ್ರೆ ಮನೇಲಿ ಆಯ್ತು ಅಂದ್ಬಿಡು. ಕ್ಲಿಪ್ಪು ಸಿಕ್ಸಿದ್ದು ಇವ್ನೇ ಅಲ್ವಾ? ಹೊರಗೆ ಗೊತ್ತಾದ್ರೆ ನಿಮಗೂ ಏನೂ ದಕ್ಕಲ್ಲ, ನನ್ನ ಬಾಗಿಲೂ ಮುಚ್ಚುತ್ತೆ" ಎಂದು ಹೇಳಿ ಹೊರಗೆ ಹೋಗಿ ಕುಳಿತರು.

ಅವಳ ತಲೆಯೊಳಗೆ ಎಲ್ಲವೂ ಕಲಸುಮೇಲೋಗರ. ಕ್ಲಿಪ್ಪು ತನ್ನದು. ಸಿಕ್ಕಿಸಿದವನು ಗಂಡ. ಯಂತ್ರ ಮಾಲೀಕರದು. ಹಾಗಾದರೆ ತಪ್ಪು ಯಾರದು? ನಿಜ ಹೇಳಿದರೆ ಕೆಲಸ ಹೋಗಬಹುದು. ಸುಳ್ಳು ಹೇಳಿದರೆ?

ನೋಡಲು ಬಂದಿದ್ದ ಪಕ್ಕದ ಮನೆಯ ಅಕ್ಕ ಕಾರ್ಮಿಕರ ಸಂಘದಲ್ಲಿ ಓಡಾಡುವವಳು. ಅವಳು ಗಂಡನನ್ನೇ ಕೇಳಿದಳು: "ಅಲ್ಲಪ್ಪಾ, ನೀನು ಕ್ಲಿಪ್ಪು ಸಿಕ್ಸೋದನ್ನ ಮೇಸ್ತ್ರಿ ನೋಡಿರ್ಲಿಲ್ವಾ?"

"ದಿನಾ ನೋಡ್ತಾನಕ್ಕ. ಎಲ್ಲಾ ಮಿಷನ್ನಲ್ಲೂ ಹೀಗೇ. ಬೇಗ ಬೇಗ ಅಂತಾನೆ ಅಷ್ಟೆ."

"ಹಾಗಾದ್ರೆ ನೋಡಿ ಸುಮ್ನಿದ್ದೋರಿಗೂ ಇದ್ರಲ್ಲಿ ಪಾಲಿದೆ."

"ಆದ್ರೂ ಅಕ್ಕ," ಎಂದಳು ಹೆಂಡತಿ, "ಕ್ಲಿಪ್ಪು ನಮ್ಮದೇ. ಪರಿಹಾರ ಯಾರು ಕೊಡ್ತಾರೆ?"

"ಎಷ್ಟು ಸಿಗುತ್ತೋ ನಾನು ಹೇಳಲಾರೆ. ಅದನ್ನ ಕಾರ್ಮಿಕ ಇಲಾಖೆಯೋರು ವಿಚಾರಿಸಿ ಹೇಳ್ತಾರೆ. ಆದ್ರೆ ಮನೇಲಿ ಆಯ್ತು ಅಂದ್ರೆ ಕೇಳೋ ದಾರೀನೇ ಮುಚ್ಚಿಹೋಗುತ್ತೆ. ಅಲ್ಲ ಕಣೆ, ಅಡುಗೆಮನೇಲಿ ಪ್ರೆಸ್ಸು ಇಟ್ಕೊಂಡಿದ್ದೀಯಾ?"

ನೋವಿನಲ್ಲೂ ಗಂಡನಿಗೆ ನಗು ಬಂತು.

"ಮಾಲೀಕ್ರು ಪಾಪ, ಒಳ್ಳೆಯೋರು..." ಎಂದಳು ಹೆಂಡತಿ.

"ಅವರಿಗೂ ನಿಜ ಹೇಳೋದೇ ಒಳ್ಳೇದು. ಕೆಲಸಗಾರರಿಗೆ ವಿಮೆ ಮಾಡ್ಸಿದ್ರೆ ಅದು ಬರೋದು ಕೆಲಸದಲ್ಲಿ ಆದ ಗಾಯಕ್ಕೆ. ಮುಚ್ಚಿಟ್ಟಿದ್ದು ಆಮೇಲೆ ಬಯಲಾದ್ರೆ ಅವರ ತಲೆ ಮೇಲೇ ಬರುತ್ತೆ. ಅದಿರ್ಲಿ, ಈಗ ನಾವು ಮಾತಾಡ್ತಿರೋ ಹೊತ್ತಲ್ಲಿ ಮಿಕ್ಕ ಮಿಷನ್ನುಗಳಲ್ಲಿ ಯಾರ್ಯಾರ ಮನೆ ಕ್ಲಿಪ್ಪು ಸಿಕ್ಕೊಂಡಿದೆಯೋ?"

ಹೆಂಡತಿ ಡಬ್ಬಿಯೊಳಗಿನ ಕ್ಲಿಪ್ಪನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಳು.

ಡಾಕ್ಟರು ಬಂದರು. "ಎಲ್ಲಿ ಆಯ್ತು ಇದು?" ಗಂಡ ಹೆಂಡತಿಯ ಮುಖ ನೋಡಿದ. ಬಾಗಿಲಲ್ಲಿ ಮಾಲೀಕರು ನಿಂತಿದ್ದರು. ತಪ್ಪು ಯಾರದೆಂಬುದು ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಎಲ್ಲಿ ಆಯಿತೆಂಬುದು ಮಾತ್ರ ಗೊತ್ತಿತ್ತು.

"ಕಾರ್ಖಾನೇಲಿ ಸಾರ್. ಪ್ರೆಸ್ಸಲ್ಲಿ."

ಆಮೇಲೆ ಎದ್ದು ಹೋಗಿ ಕ್ಲಿಪ್ಪನ್ನು ಮಾಲೀಕರ ಅಂಗೈಯಲ್ಲಿಟ್ಟಳು. "ಯಜಮಾನ್ರೇ, ಮೊದ್ಲು ಮಿಕ್ಕ ಮಿಷನ್ನಲ್ಲಿರೋದನ್ನ ತೆಗೆಸಿ."

ಮಾಲೀಕರು ಅದನ್ನು ನೋಡಿದರು. ಸಿಟ್ಟೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ಫೋನು ತೆಗೆದು ಮೇಸ್ತ್ರಿಗೆ, "ಎಲ್ಲಾ ಮಿಷನ್ನೂ ನಿಲ್ಸು. ನಾನು ಬರ್ತೀನಿ" ಎಂದರು.

ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಕ್ಲಿಪ್ಪು, ದಾರ, ಬೆಂಕಿಕಡ್ಡಿ ಕಾಣೆಯಾಗುತ್ತಿದ್ದರೆ ಮಗಳನ್ನು ಬೈಯುವ ಮುಂಚೆ ಯಂತ್ರದ ಕೆಲಸಕ್ಕೆ ಹೋಗುವವರನ್ನು ಕೇಳಿ. ಗಾಯವಾದರೆ, ಆದದ್ದು ಎಲ್ಲಿಯೋ ಅದನ್ನೇ ಡಾಕ್ಟರಿಗೆ ಹೇಳಿ. ಉಳಿದದ್ದನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಯಂತ್ರ ಇಟ್ಟುಕೊಂಡವರೇ, ನಾಳೆ ಕೆಲಸ ಶುರುವಾಗುವ ಮುಂಚೆ ನೀವೇ ಹೋಗಿ ಎರಡೂ ಗುಂಡಿಯನ್ನು ಒಂದೊಂದಾಗಿ ಒತ್ತಿ ನೋಡಿ; ಒಂದಕ್ಕೇ ಪ್ರೆಸ್ಸು ಇಳಿದರೆ ಇನ್ನೊಂದರಲ್ಲಿ ಏನೋ ಸಿಕ್ಕಿಸಲಾಗಿದೆ.