ಮೆಟ್ಟಿಲ ಸುಂಕ

ಅಕ್ಕನ ಕೋಣೆಗೆ ಹತ್ತೊಂಬತ್ತು ಮೆಟ್ಟಿಲು. ಈಗ ನನ್ನ ಮಂಡಿ ಒಂದೊಂದನ್ನೂ ಎಣಿಸುತ್ತದೆ. ಆಗ ಎರಡೆರಡು ಹಾರಿಕೊಂಡು ಹೋಗುತ್ತಿದ್ದೆ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ನಮ್ಮ ಪ್ರಯೋಗಶಾಲೆ. ಪ್ರಯೋಗಶಾಲೆ ಅಂತ ಬಾಗಿಲಿಗೆ ಬರೆದು ಅಂಟಿಸಿದವನು ನಾನೇ. ಒಳಗೆ ಇದ್ದದ್ದು ಎರಡು ಮೇಜು, ಗುರ್ ಅನ್ನುವ ಒಂದು ಫ್ಯಾನು, ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸಿದ ಒಂದು ಯಂತ್ರ, ಮತ್ತೆ ಅಕ್ಕ. ಕೆಳಗಿನಿಂದ ಬರುತ್ತಿದ್ದ ರಬ್ಬರ್ ಅಂಟಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಈಗಲೂ ನನಗೆ ಇಪ್ಪತ್ತನಾಲ್ಕು ವಯಸ್ಸಾಗುತ್ತದೆ.

ಆ ಕಾಲದಲ್ಲಿ ಯಂತ್ರಗಳಿಗೆ ಒಂದೊಂದೇ ಕೆಲಸ ಕಲಿಸುತ್ತಿದ್ದರು. ಒಂದು ಚದುರಂಗ ಆಡುತ್ತಿತ್ತು, ಇನ್ನೊಂದು ಕಾಗದದ ಮೇಲಿನ ಅಂಕಿ ಓದುತ್ತಿತ್ತು. ಅಕ್ಕನಿಗೆ ಅಷ್ಟು ಸಾಲದು. ಮನುಷ್ಯರ ಹಾಗೆ ಯಾವ ವಿಷಯಕ್ಕಾದರೂ ಬುದ್ಧಿ ಓಡಿಸುವ ಯಂತ್ರ ಬೇಕು ಅಂತ ಅವಳ ಹಟ. ಅದನ್ನು ಕೂಸು ಅಂತ ಕರೆಯುತ್ತಿದ್ದಳು. ಇಂಥ ಹುಚ್ಚಿಗೂ ಒಂದು ನಿಧಿಯವರು ಎರಡು ವರ್ಷ ಹಣ ಕೊಟ್ಟಿದ್ದರು. ಮೂರನೆಯ ವರ್ಷದ ಹಣ ಬರಬೇಕಾದರೆ ಅವರು ಬಂದು ಕೇಳುವ ಪ್ರಶ್ನೆಗಳಿಗೆ ಕೂಸು ಉತ್ತರಿಸಬೇಕಿತ್ತು.

ಕೂಸಿಗೆ ಕಲಿಸುವ ಕ್ರಮ ಅಕ್ಕನದೇ. ಮೆಟ್ಟಿಲು ಹತ್ತಿ ಬಂದವರು ಯಾರೇ ಆಗಲಿ, ತಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಹೇಳಿಯೇ ಕೂರಬೇಕು. ಇದಕ್ಕೆ ನಾವು ಮೆಟ್ಟಿಲ ಸುಂಕ ಅನ್ನುತ್ತಿದ್ದೆವು. ನಾನು ಟೈಪ್ ಮಾಡುತ್ತಿದ್ದೆ. ಕೊನೆಗೆ ಯಾರು ಹೇಳಿದ್ದು ಅಂತ ಸೇರಿಸಲೇಬೇಕು. ಸೈಕಲ್ ಮಾಮ ಪಂಕ್ಚರ್ ಹುಡುಕುವುದನ್ನು ಹೇಳಿದ. ಅಂಚೆಯವರು, ನಾಯಿ ಅಟ್ಟಿಸಿಕೊಂಡು ಬಂದರೆ ಹೇಗೆ ನಿಲ್ಲಬೇಕು ಅಂತ ಹೇಳಿದರು. ಅಮ್ಮ, ಹಾಲು ಕೆಟ್ಟಿದೆಯೋ ಇಲ್ಲವೋ ಮೂಗಿನಲ್ಲೇ ತಿಳಿಯುವುದನ್ನು ಹೇಳಿದಳು. ತಮಗೆ ಬಾಡಿಗೆ ಬಿಟ್ಟರೆ ಬೇರೇನೂ ಗೊತ್ತಿಲ್ಲ ಎಂದರು ಮನೆ ಮಾಲೀಕರು. ಅದನ್ನೂ ಬಿಡದೆ ಟೈಪ್ ಮಾಡಿದೆ.

ಇಬ್ಬರು ಹೇಳಿದ್ದನ್ನು ಕೂಡಿಸಿ ತಾನೇ ಹೊಸದೊಂದನ್ನು ಕಂಡುಕೊಳ್ಳುವಷ್ಟು ಕೂಸು ಬೆಳೆಯಿತು. ಉತ್ತರದ ಜೊತೆಗೆ "ಇದು ಸೈಕಲ್ ಮಾಮ ಹೇಳಿದ್ದು" ಅಂತ ಸೇರಿಸುತ್ತಿತ್ತು. ಗೊತ್ತಿದ್ದ ಯಾವುದೂ ಪ್ರಶ್ನೆಗೆ ಹೊಂದದಿದ್ದರೆ "ಇದನ್ನು ನನಗೆ ಯಾರೂ ಹೇಳಿಲ್ಲ" ಅನ್ನುತ್ತಿತ್ತು. ಅಕ್ಕನಿಗೆ ಆ ಮಾತೆಂದರೆ ಪ್ರಾಣ. ನನಗೋ ಮೈಯೆಲ್ಲ ಉರಿ. ಹಣ ಕೊಡುವವರ ಮುಂದೆ ಯಾರೂ ಹೇಳಿಲ್ಲ, ಯಾರೂ ಹೇಳಿಲ್ಲ ಅಂತ ರಾಗ ಎಳೆದರೆ ನಮ್ಮ ಗತಿ?

ಪರೀಕ್ಷೆಯ ಹಿಂದಿನ ದಿನ ಅಕ್ಕ ಊಟಕ್ಕೆ ಹೋದಾಗ ನಾನು ಒಂದು ಅಂಕಿ ಬದಲಿಸಿದೆ. ಪ್ರಶ್ನೆಗೂ ಗೊತ್ತಿರುವ ಸಂಗತಿಗೂ ಎಷ್ಟು ಹೋಲಿಕೆ ಇದ್ದರೆ ಕೂಸು ಬಾಯಿ ಬಿಡಬಹುದು ಅನ್ನುವ ಅಂಕಿ ಅದು. ಸೊನ್ನೆಗೆ ಇಳಿಸಿದೆ. ಇನ್ನು ಅದು ಗೊತ್ತಿಲ್ಲ ಅನ್ನುವ ಹಾಗೇ ಇಲ್ಲ. ಇದ್ದುದರಲ್ಲಿ ಹತ್ತಿರದ್ದನ್ನು ಹಿಡಿದು ಹೇಳಿಬಿಡುತ್ತದೆ. ಅಕ್ಕನಿಗೆ ಭಾರಿ ಉಪಕಾರ ಮಾಡಿದೆ ಅಂತ ಬೀಗಿದ್ದೆ.

ನಿಧಿಯಿಂದ ನಾಲ್ವರು ಬಂದರು. ಅವರಲ್ಲಿ ಕನ್ನಡಕದ ಹೆಂಗಸೊಬ್ಬರಿಗೆ ಮನೆಯಲ್ಲಿ ಮೂರು ತಿಂಗಳ ಮಗು. ಕಣ್ಣಲ್ಲಿ ನಿದ್ದೆಯೇ ಇರಲಿಲ್ಲ. ಅವರು ಕೇಳಿದರು: "ಮಗು ಅಳು ನಿಲ್ಲಿಸ್ತಾನೇ ಇಲ್ಲ. ಎಲ್ಲಿ ತೊಂದರೆ ಅಂತ ಹೇಗೆ ಹುಡುಕೋದು?"

ಪರದೆಯ ಮೇಲೆ ಉತ್ತರ ಬಂತು: "ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಗುಳ್ಳೆ ಎಲ್ಲಿ ಬರುತ್ತೋ ಅಲ್ಲೇ ತೊಂದರೆ. ಇದು ಸೈಕಲ್ ಮಾಮ ಹೇಳಿದ್ದು."

ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕದವರು ನಗಲಿಲ್ಲ. ಅಕ್ಕ ಬಿಳಿಚಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಹಣ ನಿಂತಿತು.

ಅಂದು ಸಂಜೆಯೇ ನಾನು ಆ ಅಂಕಿಯನ್ನು ಮೊದಲಿನ ಹಾಗೆ ಮಾಡಿಟ್ಟೆ, ಹೆದರಿ. ಮಾರನೇ ದಿನ ಅಕ್ಕ ಅದೇ ಪ್ರಶ್ನೆ ಕೇಳಿದಾಗ ಕೂಸು "ನನಗೆ ಯಾರೂ ಹೇಳಿಲ್ಲ" ಅಂದಿತು. ಇಲ್ಲದ ತಪ್ಪನ್ನು ಅವಳು ಹನ್ನೊಂದು ತಿಂಗಳು ಹುಡುಕಿದಳು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ನಾನು ದಿನ ದೂಡಿದೆ. ಒಂದು ದಿನ ಅವಳು ಯಂತ್ರದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ, ಅದೇ ಕೋಣೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡತೊಡಗಿದಳು.

ಇಪ್ಪತ್ತೊಂಬತ್ತು ವರ್ಷ. ಕಳೆದ ವಾರ ಒಂದು ಪತ್ರ ಬಂತು. ಕನ್ನಡಕದವರು ಈಗ ದೊಡ್ಡದೊಂದು ನಿಧಿಯ ಮುಖ್ಯಸ್ಥೆ. ಈಗಿನ ಯಂತ್ರಗಳು ಎಲ್ಲದಕ್ಕೂ ಸೊಗಸಾಗಿ ಉತ್ತರ ಕೊಡುತ್ತವೆ, ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೇ ಹೇಳುತ್ತವೆ ಅಂತ ಬರೆದಿದ್ದರು. ಯಾರು ಹೇಳಿದ್ದು ಅಂತ ಹೇಳುವ ಯಂತ್ರ ತಾವು ಕಂಡದ್ದು ನಮ್ಮ ಕೋಣೆಯಲ್ಲಿ ಮಾತ್ರವಂತೆ. ಮತ್ತೆ ಶುರು ಮಾಡುವುದಾದರೆ ಹಣ ಕೊಡುತ್ತಾರಂತೆ. ಕೊನೆಯಲ್ಲಿ ಒಂದು ಪ್ರಶ್ನೆ: ಅವತ್ತು ಅದು ತಪ್ಪಿದ್ದು ಯಾಕೆ?

ಅಕ್ಕ ನನ್ನನ್ನು ಕರೆಸಿದಳು. ನಾನು ಈಗಲೂ ಅವಳ ಟೈಪಿಸ್ಟ್.

"ಬೇಡ ಅಂತ ಬರಿ," ಅಂದಳು. "ಯಾಕೆ ತಪ್ತು ಅಂತ ನಂಗೇ ಗೊತ್ತಿಲ್ಲ. ಯಾವ ಮುಖ ಇಟ್ಕೊಂಡು ದುಡ್ಡು ತಗೊಳ್ಳಲಿ?"

ಟೈಪ್ ಮಾಡಿದೆ. 'ಬೇಡ' ಅನ್ನುವವರೆಗೂ ಬಂದು ಕೈ ನಿಂತುಹೋಯಿತು.

"ಅಕ್ಕ, ಅದು ತಪ್ಪಿರಲಿಲ್ಲ. ನಾನು ಒಂದು ಅಂಕಿ ಬದಲಾಯಿಸಿದ್ದೆ. ಆಮೇಲೆ ವಾಪಸ್ ಹಾಕಿಬಿಟ್ಟೆ."

ಅವಳು ಬೈಯಲಿಲ್ಲ. ಎದ್ದು ಹೋಗಿ ಮೂಲೆಯಲ್ಲಿದ್ದ ಯಂತ್ರದ ಮೇಲಿನ ಬೆಡ್‌ಶೀಟ್ ತೆಗೆದು, ತಗಡಿನ ಮೇಲೆ ಅಂಗೈ ಇಟ್ಟಳು.

"ಹಾಗಾದ್ರೆ ಇದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು."

"ಹನ್ನೊಂದು ತಿಂಗಳು ಕಣೋ. ಕೊನೆಕೊನೆಗೆ ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡೆ." ತಿರುಗಿ ನನ್ನ ಕಡೆ ನೋಡಿದಳು. "ನೀನು ಪಕ್ಕದಲ್ಲೇ ಇದ್ಕೊಂಡು ಟೀ ತಂದ್ಕೊಡ್ತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಐವತ್ತು ದಾಟಿದ ಗಂಡಸು, ಬಿಕ್ಕಿ ಬಿಕ್ಕಿ ಅತ್ತೆ.

"ಕೆಳಗೆ ಇಳಿ," ಅಂದಳು.

ಇನ್ನು ಇವಳ ಮುಖ ನೋಡುವ ಹಾಗಿಲ್ಲ ಅಂದುಕೊಂಡು ಗೋಡೆ ಹಿಡಿದುಕೊಂಡು ಇಳಿದೆ. ಸೈಕಲ್ ಮಾಮ ಈಗಿಲ್ಲ. ಅವನ ಮಗಳು ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ನಿಂತಿದ್ದೆನೋ. ಮೇಲಿನಿಂದ ಅಕ್ಕನ ದನಿ ಬಂತು.

"ಈಗ ಹತ್ತಿ ಬಾ. ಎಲ್ಲರ ಹತ್ರ ಸುಂಕ ವಸೂಲಿ ಮಾಡಿದೆ, ನೀನು ಒಂದು ದಿನಾನೂ ಕೊಟ್ಟಿಲ್ಲ."

ಹತ್ತೊಂಬತ್ತನ್ನೂ ಹತ್ತಿದೆ. ನಾನು ಬರೆದಿದ್ದ 'ಬೇಡ' ಅನ್ನು ಅವಳೇ ಅಳಿಸಿದ್ದಳು. ಕೂತು ಟೈಪ್ ಮಾಡಿದೆ: "ಅವತ್ತು ಕೂಸು ತಪ್ಪಲಿಲ್ಲ. ಗೊತ್ತಿಲ್ಲ ಅನ್ನದ ಹಾಗೆ ಅದರ ಬಾಯಿ ಕಟ್ಟಿದವನು ನಾನು."

ಅಕ್ಕ ಬೆನ್ನ ಹಿಂದೆ ನಿಂತು ಓದಿದಳು.

"ಯಾರು ಹೇಳಿದ್ದು ಅಂತ ಸೇರಿಸು."

"ಇದು ತಮ್ಮ ಹೇಳಿದ್ದು" ಅಂತ ಸೇರಿಸಿದೆ. ಅವಳು ನನ್ನ ಹೆಗಲ ಮೇಲೆ ಕೈ ಇಟ್ಟು, ಪಕ್ಕದ ಕುರ್ಚಿ ಎಳೆದುಕೊಂಡಳು.